ರೈಟ್, ಹೋಲ್ಡಾನ್! ಓದುಗರ ಪ್ರಶ್ನೆ, ಕಂಡಕ್ಟರ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಹಂಪ್ ಬಗ್ಗೆಯೇ ಇವೆ. ಹಾಗಾಗಿ ಅದನ್ನೇ ಮೊದಲು ತಗೊಂಡಿದ್ದೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ. ಸೀಟು ಇದ್ದಷ್ಟು ಜನರನ್ನು ಹತ್ತಿಸಿಕೊಂಡಿದ್ದೇನೆ, ಮಿಕ್ಕವರಿಗೆ ಮುಂದಿನ ಟ್ರಿಪ್. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡ್ತೇನೆ. ನಾನು ವಕೀಲನಲ್ಲ, ಇಂಜಿನಿಯರೂ ಅಲ್ಲ. ದಾವಣಗೆರೆಯ ಸಿಟಿ ಬಸ್ಸಿನಲ್ಲಿ 29 ವರ್ಷ ಚರ್ಮದ ಚೀಲ ನೇತುಹಾಕಿಕೊಂಡು ಓಡಾಡಿದವನು.

ಪ್ರಶ್ನೆ: ಹೋದ ವರ್ಷ ನಮ್ಮ ಕ್ರಾಸಿನಲ್ಲಿ ಆಡುತ್ತಿದ್ದ ಹುಡುಗನಿಗೆ ಬೈಕೊಂದು ಗುದ್ದಿ ಕಾಲು ಮುರಿಯಿತು. ಮರುದಿನವೇ ಓಣಿಯವರೆಲ್ಲ ಸೇರಿ, ಮನೆ ಕಟ್ಟಿಸುತ್ತಿದ್ದವರ ಹತ್ತಿರ ಸಿಮೆಂಟು, ಜಲ್ಲಿ ಇಸಿದುಕೊಂಡು ಹಂಪ್ ಹಾಕಿದರು. ಈಗ ಅದೇ ಹಂಪ್ ಮೇಲೆ ಆಟೊ ಎಗರಿ ನಮ್ಮ ಅತ್ತೆಯವರಿಗೆ ಸೊಂಟ ಹಿಡಿದುಕೊಂಡಿದೆ. ತೆಗೆಸೋಣ ಅಂದಿದ್ದಕ್ಕೆ ಆ ಹುಡುಗನ ತಾಯಿ ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಏನು ಮಾಡೋದು?
- ಗೃಹಿಣಿ, ವಿನೋಬನಗರ

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ಸುಮ್ನೆ ಕೂರಲು ಆಗಲಿಲ್ಲ. ನಮ್ಮ ಮನೆ ಹತ್ತಿರವೂ ಅಂಥದ್ದೇ ಒಂದಿದೆ. ನಮ್ಮ ಮನೆಯವಳ ಹೊಲಿಗೆ ಟೇಪು ತಗೊಂಡು ಬೆಳಿಗ್ಗೆ ಆರಕ್ಕೆ ಹೋಗಿ ಅಳೆದೆ. ಅಗಲ 14 ಇಂಚು. ಎತ್ತರ 6 ಇಂಚಿಗಿಂತ ಒಂದು ಗೆರೆ ಜಾಸ್ತಿ. ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ, "ಏನಜ್ಜಾ, ಹಂಪಿಗೆ ಅಂಗಿ ಹೊಲಿಸ್ತೀರಾ?" ಅಂದ. ಹೇಳೋದೇನು, ನನಗೂ ನಗು ಬಂತು.

ಈಗ ಲೆಕ್ಕ ಕೇಳಿ. ನಮ್ಮ ದೇಶದಲ್ಲಿ ರಸ್ತೆಗಳ ಅಳತೆ ಗೊತ್ತು ಮಾಡೋದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅವರು ಹೇಳುವ ಹಂಪ್ 3.7 ಮೀಟರ್ ಅಗಲ ಇರಬೇಕು, ಅಂದರೆ ಹೆಚ್ಚು ಕಮ್ಮಿ 12 ಅಡಿ. ನಡುವೆ ಎತ್ತರ 10 ಸೆಂಟಿಮೀಟರ್, 4 ಇಂಚು ಅಷ್ಟೇ. ಕವುಚಿ ಹಾಕಿದ ಮೊರದ ಹಾಗೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನಿಗೆ ಅದು ಏನೂ ಮಾಡಲ್ಲ, ಜೋರಾಗಿ ಬಂದವನನ್ನು ಎತ್ತಿ ಕುಕ್ಕುತ್ತೆ. ನಿಮ್ಮ ಓಣಿಯವರು ಹಾಕಿದ್ದು ಹಂಪ್ ಅಲ್ಲ, ಹೊಸ್ತಿಲು. ಹೊಸ್ತಿಲ ಕೆಲಸ ಉಲ್ಟಾ. ಜೋರಾಗಿ ಬಂದ ಬೈಕಿನ ಹುಡುಗ ಅದರ ಮೇಲೆ ಠಣ್ಣಂತ ಹಾರಿ ಹೋಗಿಬಿಡ್ತಾನೆ. ನಿಧಾನಕ್ಕೆ ಬಂದ ಆಟೊದ ಒಂದೊಂದೇ ಚಕ್ರ ಹತ್ತಿ ಬಿದ್ದು, ಒಳಗಿದ್ದ ಅಜ್ಜಿಯ ಸೊಂಟಕ್ಕೆ ಕೂರುತ್ತೆ. ನಿಲ್ಲಿಸಬೇಕಾಗಿದ್ದವನನ್ನು ಬಿಟ್ಟು ಬಿಡಬೇಕಾಗಿದ್ದವರನ್ನು ಹಿಡಿಯುತ್ತೆ.

ಬಸ್ಸಿನಲ್ಲಿ ಇದನ್ನು ದಿನಾ ನೋಡ್ತಿದ್ದೆ. ಕೊನೇ ಸೀಟು ಹಿಂದಿನ ಚಕ್ರದಿಂದ ಆಚೆ ಇರುತ್ತೆ. ಹಂಪ್ ಬಂದರೆ ಅಲ್ಲಿ ಕೂತವರ ತಲೆ ಮೇಲಿನ ಕಂಬಿಗೆ ತಾಗುತ್ತಿತ್ತು. ಬಸುರಿಯರು, ವಯಸ್ಸಾದವರು ಹತ್ತಿದರೆ ಹಿಂದೆ ಕೂರಲು ಬಿಡುತ್ತಲೇ ಇರಲಿಲ್ಲ. ಕಾಲೇಜು ಹುಡುಗರನ್ನು ಎಬ್ಬಿಸಿ ಹಿಂದಕ್ಕೆ ಕಳಿಸ್ತಿದ್ದೆ. ಅವರಿಗೂ ಅದೇ ಬೇಕಿತ್ತು ಬಿಡಿ.

ಹಾಗಾಗಿ "ತೆಗೆಸ್ತೀವಿ" ಅನ್ನಬೇಡಿ. "ಸರಿ ಮಾಡಿಸ್ತೀವಿ" ಅನ್ನಿ. ಮೊದಲು ಆ ಹುಡುಗನ ಮನೆಗೆ ಹೋಗಿ. ಟೇಪು ತಗೊಂಡೇ ಹೋಗಿ. ಅವರಿಗೆ ಬೇಕಾಗಿರೋದು ಬೈಕಿನವರು ನಿಧಾನ ಹೋಗೋದು, ಆ ಸಿಮೆಂಟಲ್ಲ. ಅಳೆದು ತೋರಿಸಿದರೆ ಅರ್ಥ ಆಗುತ್ತೆ. ಆಮೇಲೆ ಮಹಾನಗರ ಪಾಲಿಕೆಗೆ ಒಂದು ಅರ್ಜಿ ಬರೆಯಿರಿ, ಅದರ ನಕಲು ಸಂಚಾರ ಪೊಲೀಸರಿಗೂ ಇರಲಿ. ಅರ್ಜಿಯಲ್ಲಿ ಕಷ್ಟ ಸುಖ ಕಮ್ಮಿ ಇರಲಿ, ಅಳತೆ ಜಾಸ್ತಿ ಇರಲಿ. ಯಾವ ಕ್ರಾಸ್, ತಿರುವಿನಿಂದ ಎಷ್ಟು ಹೆಜ್ಜೆ, ಈಗಿನ ಹಂಪ್ ಎಷ್ಟು ಅಗಲ, ಎಷ್ಟು ಎತ್ತರ, ಯಾವ ಹೊತ್ತಿನಲ್ಲಿ ಬೈಕುಗಳು ಜೋರಾಗಿ ಬರ್ತವೆ. ಬಿಳಿ ಪಟ್ಟೆ ಬಳಿದು, ಮುಂಚೆಯೇ ಕಾಣುವ ಹಾಗೆ ಬೋರ್ಡ್ ಹಾಕಿ ಅಂತಲೂ ಬರೆಯಿರಿ. ಮೊದಲ ಸಹಿ ಆ ತಾಯಿಯದ್ದೇ ಆಗಲಿ. ಅರ್ಜಿ ಕೊಟ್ಟಾಗ ನಿಮ್ಮ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ. ತಿಂಗಳು ಕಾದು ನೋಡಿ. ಏನೂ ಆಗಲಿಲ್ಲ ಅಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿ: ಇಂಥ ದಿನ ಕೊಟ್ಟ ನಮ್ಮ ಅರ್ಜಿ ಮೇಲೆ ಏನು ಕ್ರಮ ಆಯಿತು? 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಅಲ್ಲಿಯೂ ಊರ ರಾಮಾಯಣ ಬರೆಯೋಕೆ ಹೋಗಬೇಡಿ.

ಅಲ್ಲಿವರೆಗೆ ಆ ಹೊಸ್ತಿಲಿಗೆ ಒಂದು ಬಕೆಟ್ ಸುಣ್ಣ ಬಳಿಯಿರಿ. ರಾತ್ರಿ ಹೊತ್ತು ಕಣ್ಣಿಗೆ ಕಾಣಲಿ.

ಪ್ರಶ್ನೆ: ನಾನು ಹೂ ಮಾರುತ್ತೇನೆ. ದಿನಾ ಬುಟ್ಟಿ ತಗೊಂಡು ಸರ್ಕಾರಿ ಬಸ್ಸಲ್ಲಿ ಗಾಂಧಿ ಸರ್ಕಲ್ಲಿಗೆ ಹೋಗ್ತೇನೆ. ಎರಡೇ ಸ್ಟಾಪು. ಹೆಂಗಸರಿಗೆ ಬಿಟ್ಟಿ ಅಂದ ಮೇಲೆ ಟಿಕೆಟ್ ತಗೊಳ್ಳಿ ಅಂತ ಕಂಡಕ್ಟರ್ ಯಾಕೆ ಜೀವ ತಿಂತಾರೆ?
- ಹೂವಿನವರು, ಹೊಂಡದ ಸರ್ಕಲ್

ಉತ್ತರ: ಅಕ್ಕಾ, ನಿಮಗೆ ಬಿಟ್ಟಿ, ಬಸ್ಸಿಗೆ ಬಿಟ್ಟಿ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ನಿಮ್ಮ ಟಿಕೆಟ್ ದುಡ್ಡನ್ನು ಸರ್ಕಾರ ಕೊಡಬೇಕು. ಎಷ್ಟು ಕೊಡಬೇಕು ಅನ್ನೋದಕ್ಕೆ ಲೆಕ್ಕ ಆ ಶೂನ್ಯ ಟಿಕೆಟ್ಟೇ. ನೀವು ತಗೊಳ್ಳಲಿಲ್ಲ ಅಂದರೆ ನೀವು ಬಸ್ಸು ಹತ್ತಿದ್ದೇ ಸುಳ್ಳು ಅಂತಾಯಿತು. ಇನ್ನೊಂದು ಇದೆ. ಚೆಕಿಂಗ್‌ನವರು ಹತ್ತಿ ಟಿಕೆಟ್ ಇಲ್ಲದವರನ್ನು ಹಿಡಿದರೆ ಮೊದಲು ಉತ್ತರ ಹೇಳಬೇಕಾದವನು ಕಂಡಕ್ಟರ್. ಆ ಜೀಪು ದೂರದಲ್ಲಿ ಕಂಡರೇ ಎದೆ ಹೇಗೆ ಹೊಡ್ಕೊಳ್ಳುತ್ತೆ ಅನ್ನೋದು ನನಗೆ ಗೊತ್ತು. ನನ್ನ ಟಿಕೆಟ್ ಎಲ್ಲ ಸರಿ ಇದ್ದ ದಿನವೂ ಹೊಡ್ಕೊಳ್ತಿತ್ತು.

ಆಧಾರ್ ಕಾರ್ಡ್ ಜೊತೆಗಿರಲಿ. ಖಾಸಗಿ ಸಿಟಿ ಬಸ್ಸು ಹತ್ತಿದರೆ ದುಡ್ಡು ಕೊಡಲೇಬೇಕು, ಅಲ್ಲಿ ಜಗಳ ಮಾಡಬೇಡಿ. ಕೈಯಲ್ಲಿ ಬುಟ್ಟಿ ಇರೋದರಿಂದ ಟಿಕೆಟ್ ಇಟ್ಟುಕೊಳ್ಳೋಕೆ ಜಾಗ ಇಲ್ಲ ಅಂತೀರಾ? ನಮ್ಮ ಕಾಲದ ಹೂವಿನವರು ಬಳೆ ಸಂದಿಯಲ್ಲಿ ಸಿಕ್ಕಿಸಿಕೊಳ್ತಿದ್ದರು. ಇಳಿಯೋ ಹೊತ್ತಿಗೆ ಟಿಕೆಟ್ಟಿಗೂ ಮಲ್ಲಿಗೆ ವಾಸನೆ.

ಪ್ರಶ್ನೆ: ನಾನು ಆಟೊ ಓಡಿಸ್ತೇನೆ. ಬಾಡಿಗೆ ಮನೆ, ಗಾಡಿ ನಿಲ್ಲಿಸೋಕೆ ಒಳಗೆ ಜಾಗ ಇಲ್ಲ. ರಾತ್ರಿ ಓಣಿಯ ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಎದುರು ಮನೆಯವರು ಬೈತಾರೆ. ಎರಡು ಸಲ ಯಾರೋ ಚಕ್ರದ ಗಾಳಿ ಬಿಟ್ಟಿದ್ದಾರೆ. ಅವರದ್ದೇ ಎರಡು ಕಾರು ರಸ್ತೆ ಮೇಲೆಯೇ ನಿಲ್ತವೆ. ಆಟೊದವರು ಅಂದರೆ ಅಷ್ಟು ಕೀಳಾ?
- ಆಟೊ ಚಾಲಕ, ಕೆ.ಟಿ.ಜೆ. ನಗರ

ಉತ್ತರ: ತಮ್ಮಾ, ಕಾಂಪೌಂಡ್ ಗೋಡೆಯ ಆಚೆ ಇರೋ ರಸ್ತೆ ಯಾರಪ್ಪನ ಆಸ್ತಿಯೂ ಅಲ್ಲ. ನಿನ್ನದೂ ಅಲ್ಲ, ಅವರದೂ ಅಲ್ಲ. ಗೇಟಿಗೆ ಅಡ್ಡ ನಿಲ್ಲಿಸಬಾರದು, ತಿರುವಿನಲ್ಲಿ ನಿಲ್ಲಿಸಬಾರದು. ಅದು ಅವರ ಕಾರಿಗೂ ಅಷ್ಟೇ, ನಿನ್ನ ಆಟೊಗೂ ಅಷ್ಟೇ. ಗಾಳಿ ಬಿಡೋದಂತೂ ಪುಂಡಾಟ. ಮೂರನೇ ಸಲ ಆದರೆ ಬೆಳಗಾಗೋ ಮೊದಲೇ ಒಂದು ಫೋಟೊ ತೆಗೆದು ಬೀಟ್ ಪೊಲೀಸಿನವರಿಗೆ ಹೇಳು.

ಆದರೆ ನಿನಗೂ ಒಂದು ಪ್ರಶ್ನೆ. ನೀನು ಬೆಳಿಗ್ಗೆ ಎಷ್ಟು ಗಂಟೆಗೆ ಗಾಡಿ ತೆಗೀತೀಯ? ರೈಲಿನ ಬಾಡಿಗೆ ಹಿಡಿಯೋನಾದರೆ ನಾಲ್ಕೂವರೆಗೆ ಇರಬೇಕು. ಆ ಹೊತ್ತಲ್ಲಿ ಆ ಮನೆಯ ಕಿಟಕಿ ಕೆಳಗೆ ಗಾಡಿ ಶುರು ಮಾಡಿ, ಐದು ನಿಮಿಷ ಆಕ್ಸಿಲೇಟರ್ ತಿರುವಿ, ಟೇಪಿನಲ್ಲಿ ಹಾಡು ಹಾಕಿಕೊಂಡು ಹೋಗ್ತೀಯೋ ಹೇಗೆ? ನನ್ನ ಗೆಳೆಯನೊಬ್ಬ ಪಿ.ಬಿ. ರಸ್ತೆ ಕಡೆ ಆಟೊ ಓಡಿಸ್ತಿದ್ದ. ಬೆಳಗಿನ ಜಾವ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಓಣಿಯ ಕೊನೆವರೆಗೂ ದೂಡಿಕೊಂಡು ಹೋಗಿ, ಅಲ್ಲಿ ಶುರು ಮಾಡ್ತಿದ್ದ. ಫಸ್ಟ್ ಶಿಫ್ಟಿಗೆ ಹೊರಟ ನಾನು ಎಷ್ಟೋ ದಿನ ಹಿಂದಿನಿಂದ ಕೈ ಹಚ್ಚಿದ್ದೇನೆ. ಆಟೊ ಹಗುರ, ಇಬ್ಬರಿಗೆ ಲೆಕ್ಕಕ್ಕೇ ಇಲ್ಲ. ಮೊದಲೆಲ್ಲ ಬೈತಿದ್ದ ಮನೆಯವರು ಅವನ ಆಟೊ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅನ್ನೋದನ್ನೇ ಮರೆತರು.

ಒಂದು ಭಾನುವಾರ ಆ ಎದುರು ಮನೆ ಬೆಲ್ ಒತ್ತಿ ಮಾತಾಡು. ಜಗಳಕ್ಕಲ್ಲ. "ಸಾರ್, ಇದು ನನ್ನ ನಂಬರ್. ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ" ಅಂತ ಒಂದು ಚೀಟಿ ಕೊಟ್ಟು ಬಾ. ಎರಡು ಕಾರು ಇದ್ದ ಮನೆಯಲ್ಲೂ ರಾತ್ರಿ ಒಂದು ಗಂಟೆಗೆ ಕಾರು ಓಡಿಸೋ ಮಗ ಬೆಂಗಳೂರಲ್ಲಿರ್ತಾನೆ.

ಪ್ರಶ್ನೆ: ಮಗನಿಗೆ 15 ವರ್ಷ. ಟ್ಯೂಷನ್ ವಿದ್ಯಾನಗರದಲ್ಲಿ. ಅವನ ಗೆಳೆಯರೆಲ್ಲ ಸ್ಕೂಟರಿನಲ್ಲಿ ಬರ್ತಾರಂತೆ. ಕೊಡಿಸಲಾ?
- ತಂದೆ, ನಿಜಲಿಂಗಪ್ಪ ಬಡಾವಣೆ

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಮಕ್ಕಳ ಕೈಗೆ ಗಾಡಿ ಕೊಟ್ಟರೆ ಕೇಸು ನಿಮ್ಮ ಮೇಲೆ. 25,000 ರೂಪಾಯಿ ದಂಡ, 3 ವರ್ಷದವರೆಗೂ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. "ಕರೆಂಟ್ ಸ್ಕೂಟರಿಗೆ ಲೈಸೆನ್ಸೇ ಬೇಡ" ಅಂತ ಅಂಗಡಿಯವರು ಹೇಳಬಹುದು. ಆ ಮಾತು ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಒಳಗಿನ ಮೋಟಾರಿನ ಪುಟ್ಟ ಗಾಡಿಗೆ ಮಾತ್ರ. ನಿಮ್ಮ ಮಗ ಕೇಳ್ತಿರೋದು ಅದನ್ನಲ್ಲ, ನನಗೆ ಗೊತ್ತು. ಒಳ್ಳೇ ಸೈಕಲ್ ಕೊಡಿಸಿ. ಬೈಕೊಳ್ತಾನೆ, ಬೈಕೊಳ್ಳಲಿ.

ಪ್ರಶ್ನೆ: ರೈಲ್ವೆ ಗೇಟ್ ಹಾಕಿದಾಗ ಬೈಕ್ ಬಗ್ಗಿಸಿ ತೂರಿಕೊಂಡು ಹೋಗ್ತೇವೆ. ಕ್ಲಾಸಿಗೆ ತಡ ಆಗುತ್ತೆ ಅಂಕಲ್. ಅದರಲ್ಲೇನು ತಪ್ಪು?
- ವಿದ್ಯಾರ್ಥಿ

ಉತ್ತರ: ಹಳಿ ಮೇಲೆ ಅಕ್ರಮವಾಗಿ ದಾಟಿದರೆ ರೈಲ್ವೆ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಅದಿರಲಿ. ಈಗ ಜೋಡಿ ಹಳಿ. ಒಂದು ರೈಲು ಹೋಯಿತು ಅಂತ ನೀನು ನುಗ್ಗಿದರೆ ಅದರ ಮರೆಯಲ್ಲಿ ಇನ್ನೊಂದು ಬರ್ತಿರುತ್ತೆ. ನಮ್ಮ ಕಾಲದ ಹೊಗೆ ಬಂಡಿ ಮೈಲಿ ದೂರದಿಂದಲೇ ಕೂಗುತ್ತಾ ಬರ್ತಿತ್ತು. 2023ರಿಂದ ಈ ಹಳಿ ಮೇಲೆ ವಂದೇ ಭಾರತ್ ಓಡ್ತಿದೆ, ಅದು ಹತ್ತಿರ ಬಂದಿದ್ದೇ ಗೊತ್ತಾಗಲ್ಲ. ಹತ್ತು ನಿಮಿಷ ಮುಂಚೆ ಎದ್ದೇಳಪ್ಪಾ.

ಪ್ರಶ್ನೆ: ಮಂಡಕ್ಕಿ ಚೀಲ ಕಟ್ಟಿಕೊಂಡು ಬರುವ ಟಿವಿಎಸ್ ಗಾಡಿಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಮುಂದಿನದೇನೂ ಕಾಣಲ್ಲ. ಇವರಿಗೆ ಹೇಳೋರು ಕೇಳೋರು ಇಲ್ವಾ?
- ಬ್ಯಾಂಕ್ ನೌಕರ, ಎಂ.ಸಿ.ಸಿ. ಬಿ ಬ್ಲಾಕ್

ಉತ್ತರ: ನೀವು ಈ ಊರಿಗೆ ವರ್ಗವಾಗಿ ಬಂದವರು ಅಂತ ಕಾಣುತ್ತೆ. ಹಿಂದಿನಿಂದ ನೋಡಿದರೆ ಗಾಡಿ ಇಲ್ಲ, ಮನುಷ್ಯನೂ ಇಲ್ಲ, ಚೀಲವೇ ನಡೆದುಕೊಂಡು ಹೋದ ಹಾಗೆ ಕಾಣುತ್ತೆ, ಅಲ್ವಾ? ತೂಕ ಏನೂ ಇಲ್ಲ ಅದರಲ್ಲಿ. ಬಿಸಿ ಮರಳಿನಲ್ಲಿ ಉಬ್ಬಿದ ಅಕ್ಕಿ, ಒಳಗೆ ಬರೀ ಗಾಳಿ. ಅದೇ ಫಜೀತಿ. ಪಕ್ಕದಲ್ಲಿ ಲಾರಿ ಜೋರಾಗಿ ಹೋದರೆ ಆ ಗಾಳಿಗೆ ಚೀಲ ಹಾಯಿಯ ಹಾಗೆ ಎಳೆಯುತ್ತೆ, ಗಾಡಿ ಓಲಾಡುತ್ತೆ. ನಿಮ್ಮ ದೂರು ಸರಿ ಇದೆ. ಕನ್ನಡಿ ಮುಚ್ಚುವ ಹಾಗೆ, ಹ್ಯಾಂಡಲ್‌ಗಿಂತ ಅಗಲಕ್ಕೆ ಚೀಲ ಕಟ್ಟೋದು ತಪ್ಪೇ. ಭಟ್ಟಿಯಲ್ಲಿ ಚೀಲ ತುಂಬಿಸುವವರು ಎರಡು ದೊಡ್ಡದರ ಬದಲು ಮೂರು ಚಿಕ್ಕದು ಕಟ್ಟಿ ಕೊಟ್ಟರೆ ಎಷ್ಟೋ ವಾಸಿ. ಇದನ್ನು ನಾನೇ ಒಂದಿಬ್ಬರಿಗೆ ಹೇಳಿ ನೋಡಿದ್ದೇನೆ. "ಪೆಟ್ರೋಲು ಯಾರು ಹಾಕಿಸ್ತಾರಜ್ಜಾ ಇನ್ನೊಂದು ಟ್ರಿಪ್ಪಿಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವು ಹಾರ್ನ್ ಹೊಡೀಬೇಡಿ. ಬೆಚ್ಚಿ ಓಲಾಡಿದರೆ ನಿಮ್ಮ ಮೇಲೇ ಬೀಳೋದು. ಹತ್ತು ಹೆಜ್ಜೆ ಹಿಂದೆ ಉಳಿಯಿರಿ. ಸಂಜೆ ಅದೇ ಮಂಡಕ್ಕಿ ಜೊತೆ ಎರಡು ಮಿರ್ಚಿ ತಿನ್ನಿ, ಸಿಟ್ಟು ಇಳಿಯುತ್ತೆ.

ಪ್ರಶ್ನೆ: ನಿಜ ಹೇಳಿ. ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದು ಕೊಡ್ತಿದ್ರಲ್ಲ, ಅದು ಬೇಕಂತಲೇ ಮರೀತಿದ್ರೋ, ನಿಜವಾಗಲೂ ಮರೀತಿದ್ರೋ?
- ನಿಮ್ಮ ಹಳೇ ಪ್ರಯಾಣಿಕ

ಉತ್ತರ: ಈ ಪ್ರಶ್ನೆ ಇವತ್ತಲ್ಲ ನಾಳೆ ಬರುತ್ತೆ ಅಂತ ಗೊತ್ತಿತ್ತು. ಈಗೇನು, ಬಸ್ಸಿಗೂ ಕ್ಯೂಆರ್ ಬಂದಿದೆ. ಆಗ ಬೆಳಿಗ್ಗೆ ಮೊದಲ ಟ್ರಿಪ್ಪಿಗೇ ಹತ್ತು ಜನ ದೊಡ್ಡ ನೋಟು ಚಾಚ್ತಿದ್ದರು. ಚೀಲದಲ್ಲಿ ಚಿಲ್ಲರೆ ಎಲ್ಲಿಂದ ಬರಬೇಕು? ಟಿಕೆಟ್ ಹಿಂದೆ ಬರೆದು ಕೊಡ್ತಿದ್ದೆ. ಒಂದು ರೂಪಾಯಿ, ಎಂಟಾಣೆ ಬಾಕಿಯನ್ನು ಕೇಳದೆ ಇಳಿದರೆ ಕೂಗಿ ಕರೆದು ಕೊಟ್ಟವನಲ್ಲ ನಾನು. ಒಪ್ಪಿಕೊಳ್ತೇನೆ. ದೊಡ್ಡ ಬಾಕಿ ಮಾತ್ರ ಇಟ್ಟುಕೊಂಡಿಲ್ಲ. ಒಂದು ಬಿಟ್ಟು.

ಆವರಗೆರೆ ಕಡೆಯ ಮೇಷ್ಟ್ರೊಬ್ಬರು 50ರ ನೋಟು ಕೊಟ್ಟು, 46 ರೂಪಾಯಿ ಬಾಕಿ ಬರೆಸಿಕೊಂಡು, ಪೇಪರ್ ಓದುತ್ತಾ ಹಾಗೇ ಇಳಿದುಹೋದರು. ಬಸ್ಸು ಮುಂದೆ ಬಂದಿತ್ತು. ಆಮೇಲೆ ಅವರು ನನ್ನ ಬಸ್ಸು ಹತ್ತಲೇ ಇಲ್ಲ. ಮೇಷ್ಟ್ರೇ, ಇದನ್ನು ಓದುತ್ತಿದ್ದರೆ ಬಂದು ಇಸಕೊಂಡು ಹೋಗಿ. ಟಿಕೆಟ್ ಮಾತ್ರ ತರಬೇಕು.