ಗೋವಾದಲ್ಲಿ ದೋಣಿ ತಗೊಂಡರೆ ಮಾಲೀಕನ ಮೇಲೆ ಏನೇನು ಬರುತ್ತದೆ?

ನೀವು ಕೇಳಿದ್ದು ಇಷ್ಟು. ಹುಬ್ಬಳ್ಳಿಯ ಮೂವರು ಗೆಳೆಯರು ಸೇರಿ ಗೋವಾದಲ್ಲಿ 18 ಅಡಿಯ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಗೊಳ್ಳುತ್ತಿದ್ದೀರಿ, ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂದೆ ಹೊರಗಡೆ ಕೂರಿಸುವುದು) ಇದೆ, ರಜೆಗೆ ಬಂದಾಗ ಮನೆಮಂದಿಯನ್ನು ಮಾಂಡೋವಿ ನದಿಯಲ್ಲಿ ಸುತ್ತಾಡಿಸಬೇಕು. ಓಡಿಸೋಕೆ ಊರಿನ ತಾಂಡೇಲ ಒಬ್ಬರನ್ನು ಇಡುತ್ತೀರಿ. ಹಾಗಿದ್ದರೆ ಮಾಲೀಕರಾಗಿ ನಿಮ್ಮ ಜವಾಬ್ದಾರಿ ಏನು ಉಳಿಯುತ್ತದೆ, ಯಾವ ರೂಲ್ಸ್ ಗೊತ್ತಿರಬೇಕು ಅಂತ.

ನಾನು ಗದಗದ ಕಡೆಯವನು, ವಾಸ್ಕೋದಲ್ಲಿ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುತ್ತೇನೆ. ನಿಮ್ಮ ಹಾಗೆ ನಮ್ಮ ಕಡೆಯಿಂದ ಬಂದು ದೋಣಿ ಇಟ್ಟುಕೊಂಡವರನ್ನು ತುಂಬಾ ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲ ಜವಾಬ್ದಾರಿಯೂ ನಿಮ್ಮದೇ. ತಾಂಡೇಲ ಚುಕ್ಕಾಣಿ ಹಿಡಿಯುತ್ತಾರೆ ಅಷ್ಟೇ. ಎಷ್ಟು ಜನ ಹತ್ತಬೇಕು, ಲೈಫ್ ಜಾಕೆಟ್ ಸರಿ ಇದೆಯಾ, ಇಂಜಿನ್ ಯಾವಾಗ ಸರ್ವಿಸ್ ಆಗಿದೆ, ಇವತ್ತು ಹೊರಡಬೇಕಾ ಬೇಡವಾ, ಇದೆಲ್ಲ ಮಾಲೀಕ ತೀರ್ಮಾನ ಮಾಡೋದು. ಇನ್ನೊಂದು ವಿಷಯ ಯೋಚಿಸಿ. ತಾಂಡೇಲನಿಗೆ ಸಂಬಳ ಕೊಡೋದು ನೀವು. ಹುಬ್ಬಳ್ಳಿಯಿಂದ ನೆಂಟರಿಷ್ಟರನ್ನು ಕಟ್ಟಿಕೊಂಡು ಬಂದು, ಮಕ್ಕಳು ಆಗಲೇ ಜೆಟ್ಟಿಯಲ್ಲಿ ಕುಣಿಯುತ್ತಿರುವಾಗ, ಗಾಳಿ ಸ್ವಲ್ಪ ಜಾಸ್ತಿ ಇದೆ ಸಾರ್ ಅಂತ ಅವರು ಒಂದು ಸಲ ಹೇಳಬಹುದು. ಏನಾಗಲ್ಲ ಬಿಡಿ ಅಂತ ನೀವು ಅಂದರೆ ಎರಡನೇ ಸಲ ಹೇಳೋದಿಲ್ಲ. ಅದಕ್ಕೇ ಮೊದಲ ದಿನವೇ, ಎಲ್ಲರ ಎದುರಿಗೆ, ನೀವು ಬೇಡ ಅಂದರೆ ಬೇಡ, ಆ ದಿನದ ಸಂಬಳ ಹೇಗೂ ಸಿಗುತ್ತದೆ ಅಂತ ಅವರಿಗೆ ಹೇಳಿಬಿಡಿ. ನೀವು ಮೂವರೂ ಆ ಮಾತಿಗೆ ಬದ್ಧರಾಗಿರಬೇಕು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಒಳನಾಡಿನ ನೀರಲ್ಲಿ ಓಡುವ ಇಂಜಿನ್ ದೋಣಿಗೆ ಈಗ ಇರೋದು 2021ರ ಒಳನಾಡು ಹಡಗುಗಳ ಕಾಯ್ದೆ, 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದಿದ್ದು. ನೋಂದಣಿ, ಸರ್ವೆ ಅಂದರೆ ದೋಣಿಯ ತಪಾಸಣೆ, ವಿಮೆ, ಓಡಿಸುವವರಿಗೆ ಅರ್ಹತಾ ಪತ್ರ, ಇವೆಲ್ಲ ಅದರಡಿ ಬರುತ್ತವೆ. ಗೋವಾದಲ್ಲಿ ಇದನ್ನು ನೋಡಿಕೊಳ್ಳೋದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ದುಡ್ಡು ಕೊಡುವ ಮುಂಚೆ ಮಾರುವವರನ್ನು ಕರೆದುಕೊಂಡು ಅಲ್ಲಿಗೇ ಹೋಗಿ. ನೋಂದಣಿ ಯಾರ ಹೆಸರಲ್ಲಿದೆ, ಇಂಜಿನ್ ನಂಬರ್ ಕಾಗದದಲ್ಲಿ ಇರುವುದೇ ದೋಣಿ ಮೇಲೂ ಇದೆಯಾ, ಎಷ್ಟು ಜನಕ್ಕೆ ಅನುಮತಿ, ಎಲ್ಲಿಯವರೆಗೆ ಓಡಿಸಬಹುದು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಮೀನು ಹಿಡಿಯೋಕೆ ನೋಂದಣಿಯಾದ ದೋಣಿಯಾಗಿದ್ದರೆ ಅದರ ದಾರಿಯೇ ಬೇರೆ, ಹಾಗೇ ತಗೊಂಡು ಸುತ್ತಾಟಕ್ಕೆ ಬಳಸುವಂತಿಲ್ಲ. ಇನ್ನು, ಖರ್ಚಾದರೂ ಹುಟ್ಟಲಿ ಅಂತ ಪರಿಚಯದವರ ಹತ್ತಿರ ದುಡ್ಡು ತಗೊಂಡು ಸುತ್ತಾಡಿಸುವ ಆಸೆ ಮುಂದೆ ಬಂದೇ ಬರುತ್ತದೆ. ಬೇಡ. ಸ್ವಂತಕ್ಕೆ ಅಂತ ನೋಂದಣಿಯಾದ ದೋಣಿಯಲ್ಲಿ ದುಡ್ಡು ಕೊಟ್ಟ ಪ್ರಯಾಣಿಕರನ್ನು ಹತ್ತಿಸಿದರೆ ರೂಲ್ಸೇ ಬದಲಾಗುತ್ತದೆ, ಏನಾದರೂ ಆದರೆ ವಿಮೆಯೂ ಕೈಕೊಡಬಹುದು.

ಈಗ ನನಗೆ ನಿಜವಾಗಿ ಹೇಳಬೇಕಾಗಿದ್ದು ತಲೆಲೆಕ್ಕದ ಬಗ್ಗೆ. ಕಾರವಾರದ ಕೂರ್ಮಗಡ ನಡುಗಡ್ಡೆಯ ದುರಂತ ನಿಮಗೆ ನೆನಪಿರಬೇಕು. 2019ರ ಜನವರಿ 21ರಂದು ಜಾತ್ರೆ ಮುಗಿಸಿ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ಹೋದರು, ಅದರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದವರು ಹಲವರಿದ್ದರು. ನಮ್ಮದೇ ಜನ, ನಿಮ್ಮ ಹಾಗೆ ಮಕ್ಕಳನ್ನು ಕರೆದುಕೊಂಡು ಖುಷಿಯಾಗಿ ಹೋದವರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತರು, ಅದು ಮೀನುಗಾರಿಕೆ ದೋಣಿಯನ್ನು ಬದಲಾಯಿಸಿ ಸುತ್ತಾಟಕ್ಕೆ ಬಿಟ್ಟಿದ್ದು. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್‌ಕಮಲ್ ಅನ್ನೋ ಪ್ರಯಾಣಿಕರ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಗುದ್ದಿತು. ಗುದ್ದಿದ್ದರಲ್ಲಿ ಪ್ರಯಾಣಿಕರ ತಪ್ಪೇನೂ ಇಲ್ಲ. ಆದರೆ 84 ಪ್ರಯಾಣಿಕರಿಗೆ ಅನುಮತಿ ಇದ್ದ ಆ ದೋಣಿಯಲ್ಲಿ ನೂರು ದಾಟಿದ ಜನ ಇದ್ದರು, ಎಷ್ಟೋ ಜನರ ಮೈಮೇಲೆ ಜಾಕೆಟ್ ಇರಲಿಲ್ಲ. ಅದಾಗಿ ಒಂದೇ ವಾರಕ್ಕೆ, ಕ್ರಿಸ್‌ಮಸ್ ದಿನ, ಇಲ್ಲೇ ಕಲಂಗುಟ್‌ನಲ್ಲಿ ಪ್ರವಾಸಿ ದೋಣಿ ಮಗುಚಿ ಒಬ್ಬರು ತೀರಿಕೊಂಡರು.

18 ಅಡಿಯ ದೋಣಿಯಲ್ಲಿ ಒಬ್ಬರು ಜಾಸ್ತಿಯಾದರೆ ಏನಾಗುತ್ತದೆ ಅಂತ ಕೇಳುತ್ತಾರೆ. ತೂಕ ಹೆಚ್ಚಾದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಸುಮ್ನೆ ನಿಂತಾಗ ಏನೂ ಗೊತ್ತಾಗಲ್ಲ. ನದಿ ಸಮುದ್ರ ಸೇರುವ ಅಗ್ವಾಡಾ ಹತ್ತಿರ ಡಾಲ್ಫಿನ್ ಕಾಣಿಸಿತು ಅನ್ನಿ, ಎಲ್ಲರೂ ಮೊಬೈಲ್ ಹಿಡಿದು ಒಂದೇ ಮಗ್ಗುಲಿಗೆ ಎದ್ದು ನಿಲ್ಲುತ್ತಾರೆ, ಆ ಕಡೆಯ ಅಂಚು ಕೆಳಗೆ ಹೋಗುತ್ತದೆ, ಪಕ್ಕದಲ್ಲಿ ಹೋದ ದೊಡ್ಡ ದೋಣಿಯ ಅಲೆ ಅದರ ಮೇಲಿಂದ ಒಳಗೆ ಬರುತ್ತದೆ. ಒಳಗೆ ಬಂದ ನೀರು ಒಂದು ಕಡೆ ನಿಲ್ಲೋದಿಲ್ಲ, ದೋಣಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡುತ್ತದೆ, ಅದು ಇನ್ನಷ್ಟು ವಾಲುತ್ತದೆ. ಮಗುಚೋಕೆ ಹೆಚ್ಚು ಹೊತ್ತು ಬೇಡ. ಹಾಗಾಗಿ ಅನುಮತಿ ಎಷ್ಟಿದೆಯೋ ಅಷ್ಟೇ, ಮಡಿಲಲ್ಲಿ ಕೂರುವ ಮಗುವೂ ಲೆಕ್ಕಕ್ಕೆ ಬರುತ್ತದೆ, ತಾಂಡೇಲನೂ ಬರುತ್ತಾರೆ. ದೋಣಿ ಓಡುವಾಗ ಯಾರೂ ಏಳಬಾರದು. ಮೇಲೆ ನೆರಳಿಗೆ ಅಂತ ಭಾರದ ಛಾವಣಿ ಕಟ್ಟಿಸಿ ಅದರ ಮೇಲೆ ಜನ ಕೂರಿಸುವ ಯೋಚನೆ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಭಾರ ಮೇಲೆ ಹೋದಷ್ಟೂ ದೋಣಿ ಬೇಗ ವಾಲುತ್ತದೆ.

ಜಾಕೆಟ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಕೇಳಿ ಕೇಳಿ ಸಾಕಾಗಿರುತ್ತದೆ. ಆದರೂ ಕೇಳಿ. ಸೀಟಿನ ಕೆಳಗೆ ಕಟ್ಟಿಟ್ಟ ಜಾಕೆಟ್ ಉಪಯೋಗಕ್ಕೆ ಬರಲ್ಲ, ನೀರಿಗೆ ಬಿದ್ದ ಮೇಲೆ ಹಾಕಿಕೊಳ್ಳೋಕೆ ಆಗೋದಿಲ್ಲ. ಜೆಟ್ಟಿಯಲ್ಲೇ ಹಾಕಿಸಿ, ಇಳಿಯುವ ತನಕ ತೆಗೆಸಬೇಡಿ. ಮಕ್ಕಳಿಗೆ ಹಾಕಿದ ಮೇಲೆ ಹೆಗಲ ಮೇಲಿನ ಎರಡೂ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಮೇಲೆ ಬಂದು ಕಿವಿ ಗಲ್ಲ ಮುಚ್ಚಿದರೆ ಅದು ಆ ಮಗುವಿನ ಅಳತೆಯದಲ್ಲ, ನೀರಲ್ಲಿ ಮಗು ಅದರೊಳಗಿಂದ ಜಾರಿ ಹೋಗುತ್ತದೆ. ಚಿಕ್ಕ ಮಕ್ಕಳ ಜಾಕೆಟ್‌ಗೆ ಎರಡು ಕಾಲಿನ ಮಧ್ಯೆ ಹಾಯುವ ಪಟ್ಟಿ ಇರಬೇಕು. ದೊಡ್ಡವರ ಜಾಕೆಟ್ ಕೊಟ್ಟು ಬಿಗಿಯಾಗಿ ಕಟ್ಟಿದರೆ ನಡೆಯುತ್ತದೆ ಅನ್ನಬೇಡಿ. ಮೇಲಿನ ಬಟ್ಟೆ ಬಿಸಿಲಿಗೆ ಬಣ್ಣ ಹೋಗಿ ಬೆರಳಲ್ಲಿ ಎಳೆದರೆ ಹರಿಯುವಂತಿದ್ದರೆ, ಒಳಗಿನ ಫೋಮ್ ಒತ್ತಿದರೆ ಮತ್ತೆ ಎದ್ದು ಬರದಿದ್ದರೆ ಬಿಸಾಡಿ. ಸೆಕೆಂಡ್ ಹ್ಯಾಂಡ್ ದೋಣಿ ಜೊತೆ ಫ್ರೀ ಅಂತ ಕೊಡುವ ಜಾಕೆಟ್‌ಗಳಲ್ಲಿ ಇಂಥವೇ ಜಾಸ್ತಿ. ಈಜು ಬರುವವರೂ ಹಾಕಲೇಬೇಕು. ತಲೆಗೆ ಪೆಟ್ಟು ಬಿದ್ದರೆ ಈಜು ಎಲ್ಲಿಂದ ಬರಬೇಕು?

ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಇಂಜಿನ್ ಪಕ್ಕದಲ್ಲಿ ಕೆಂಪು ಸುರುಳಿ ಹಗ್ಗ ಇರುತ್ತದೆ, ಕಿಲ್ ಕಾರ್ಡ್. ಒಂದು ತುದಿ ಇಂಜಿನ್ನಿನ ಸ್ವಿಚ್‌ಗೆ, ಇನ್ನೊಂದು ಓಡಿಸುವವರ ಮಣಿಕಟ್ಟಿಗೆ ಅಥವಾ ತೊಡೆಗೆ ಹಾಕಬೇಕು. ಓಡಿಸುವವರು ಬಿದ್ದರೆ ಇಂಜಿನ್ ಆಫ್ ಆಗುತ್ತದೆ. ಹಾಕದೆ ಬಿದ್ದರೆ ದೋಣಿ ತನ್ನಷ್ಟಕ್ಕೆ ಸುತ್ತು ಹೊಡೆದು ಬಿದ್ದವರ ಮೇಲೇ ಬರುತ್ತದೆ, ಕೆಳಗೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ರಿಪೇರಿಗೆ ಬರುವ ಎಷ್ಟೋ ಇಂಜಿನ್‌ಗಳಲ್ಲಿ ಈ ಕ್ಲಿಪ್ ಸ್ವಿಚ್‌ಗೆ ಸಿಕ್ಕಿಸಿ ಹಗ್ಗವನ್ನು ಅಲ್ಲೇ ಗಂಟು ಹಾಕಿಟ್ಟಿರುತ್ತಾರೆ. ನೋಡಿದರೆ ಸಿಟ್ಟೇ ಬರುತ್ತದೆ. ನಿಮ್ಮ ತಾಂಡೇಲ ಎಷ್ಟೇ ಅನುಭವಸ್ಥರಿರಲಿ, ಅದು ಅವರ ಕೈಯಲ್ಲಿ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗಬಾರದು ಅಂತ ಮಾಡಿ. ಹಾಗೇ ಯಾರಾದರೂ ನೀರಿಂದ ದೋಣಿ ಹತ್ತುವಾಗ ನ್ಯೂಟ್ರಲ್ ಸಾಲದು, ಇಂಜಿನ್ ಪೂರ್ತಿ ಆಫ್ ಆಗಬೇಕು.

ಹಿಂಭಾಗದಲ್ಲಿ ಕೆಳಗೆ ನೀರು ಬಸಿಯುವ ತೂತು ಇರುತ್ತದೆ, ಅದರ ಬಿರಡೆ ಹಾಕಿದ್ದಾರಾ ಅಂತ ಪ್ರತಿ ಸಲ ಕೈಯಿಂದ ಮುಟ್ಟಿ ನೋಡಿ. ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿದಾಗ ಬಿರುಕು ಕಾಣಿಸಿದರೆ ಬದಲಾಯಿಸಿ. ಕಳಚಿ ತೆಗೆಯುವ ಟ್ಯಾಂಕ್ ಆಗಿದ್ದರೆ ದೋಣಿಯಲ್ಲಿಟ್ಟು ತುಂಬಿಸಬೇಡಿ, ದಡಕ್ಕೆ ತಂದು ತುಂಬಿಸಿ. ಪೆಟ್ರೋಲ್ ಹಬೆ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಇಂಜಿನ್ ಓಡುವಾಗ ಹಿಂದಿನಿಂದ ನೀರಿನ ಸಣ್ಣ ಧಾರೆ ಬರುತ್ತಿರಬೇಕು. ಆ ಧಾರೆ ನಿಂತರೆ ಇಂಜಿನ್ ತಣ್ಣಗಿಡುವ ನೀರು ಓಡುತ್ತಿಲ್ಲ ಅಂತ ಅರ್ಥ, ತಕ್ಷಣ ಆಫ್ ಮಾಡಿ. ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರೋದೇ ಹೆಚ್ಚು. ಇಂಜಿನ್ ನಿಂತರೆ ಕೈಗೆ ಸಿಗುವ ಹಾಗೆ ಲಂಗರು ಮತ್ತು ಉದ್ದದ ಹಗ್ಗ, ಒಂದು ಜೊತೆ ಹುಟ್ಟು, ನೀರು ಎತ್ತಿ ಹಾಕೋಕೆ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್, ಸೀಟಿ, ಟಾರ್ಚ್ ಇರಲಿ.

ನದಿಯ ಮೇಲೂ ರಸ್ತೆ ಹಾಗೆ ನಿಯಮ ಇದೆ, ಆದರೆ ನಮಗೆ ಅಭ್ಯಾಸ ಇರೋದಕ್ಕೆ ಉಲ್ಟಾ. ಕಿರಿದಾದ ದಾರಿಯಲ್ಲಿ ಬಲಕ್ಕೆ ಇರಬೇಕು. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಬಲಗಡೆಯಿಂದ ಇನ್ನೊಂದು ಇಂಜಿನ್ ದೋಣಿ ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವರು ನೀವು. ಬಲೆ ಹಾಕಿ ಮೀನು ಹಿಡಿಯುತ್ತಿರುವವರಿಗೆ, ಹಾಯಿ ದೋಣಿಗೆ ನೀವೇ ದಾರಿ ಬಿಡಬೇಕು. ಕತ್ತಲಾದರೆ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು, ಹಿಂದೆ ಬಿಳಿ. ನಿಮ್ಮಂಥವರಿಗೆ ಮೊದಲ ವರ್ಷ ಕತ್ತಲಲ್ಲಿ ಹೋಗಲೇಬೇಡಿ ಅಂತ ನನ್ನ ಮಾತು. ಮಾಂಡೋವಿಯಲ್ಲಿ ಅದಿರು ಸಾಗಿಸುವ ದೊಡ್ಡ ಬಾರ್ಜ್, ಪಣಜಿ ಎದುರಿನ ಕ್ಯಾಸಿನೋ ಹಡಗುಗಳಿಗೆ ಜನ ಸಾಗಿಸುವ ದೋಣಿಗಳು, ಬೇತಿಮ್ ಮತ್ತು ರಿಬಂದರ್ ಕಡೆಯ ಫೆರಿಗಳು ಓಡಾಡುತ್ತಿರುತ್ತವೆ. ತುಂಬಿದ ಬಾರ್ಜ್ ಬ್ರೇಕ್ ಹಾಕಿ ನಿಲ್ಲೋದಿಲ್ಲ, ಅದರ ಮುಂದೆ ಹತ್ತಿರದಲ್ಲಿ ನೀವಿದ್ದರೆ ಓಡಿಸುವವರಿಗೆ ಕಾಣಿಸುವುದೂ ಇಲ್ಲ. ಅದರ ಮುಂದಿಂದ ದಾಟುವ ಸಾಹಸ ಬೇಡ, ಹಿಂದಿಂದ ದಾಟಿ.

ಅಳಿವೆ ದಾಟಿ ಸಮುದ್ರಕ್ಕೆ ಹೋಗಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಮಾಂಡೋವಿಯ ಬಾಯಲ್ಲಿ, ಅಗ್ವಾಡಾ ಹತ್ತಿರ, ಮರಳು ದಿಬ್ಬ ಇದೆ. ಇಳಿತದ ಹೊತ್ತಲ್ಲಿ ನದಿ ನೀರು ಹೊರಗೆ ಹರಿಯುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತದೆ, ಆಳವಿಲ್ಲದ ಜಾಗದಲ್ಲಿ ಎರಡೂ ಎದುರಾಗಿ ಅಲೆ ನೆಟ್ಟಗೆ ಎದ್ದು ಮುರಿಯುತ್ತದೆ. ಅದೇ ಜಾಗ ಉಬ್ಬರದಲ್ಲಿ ಶಾಂತವಾಗಿ ಕಾಣಬಹುದು. ಬೆಳಿಗ್ಗೆ ಸಲೀಸಾಗಿ ಹೊರಗೆ ಹೋದವರು ಮಧ್ಯಾಹ್ನ ಒಳಗೆ ಬರೋಕೆ ಒದ್ದಾಡೋದು ಇದಕ್ಕೇ, ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿಯೂ ಏಳುತ್ತದೆ. 2017ರ ಜುಲೈಯಲ್ಲಿ ಕ್ಯಾಸಿನೋ ಹಡಗೊಂದು ಮಾಂಡೋವಿ ಒಳಗೆ ಬರೋಕೆ ಹೋಗಿ ಮೀರಾಮಾರ್‌ನಲ್ಲಿ ಮರಳಿಗೆ ಹತ್ತಿ ಕೂತಿತ್ತು. ಅಷ್ಟು ದೊಡ್ಡದಕ್ಕೇ ಹಾಗಾದ ಮೇಲೆ 18 ಅಡಿಯದ್ದು ಯಾವ ಲೆಕ್ಕ? ನಿಮ್ಮ ಕಾಗದ ಒಳನಾಡಿನದ್ದಾದರೆ ಹೊರಗೆ ಹೋಗೋದು ರೂಲ್ಸಿಗೂ ವಿರುದ್ಧ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆ ಮುನ್ಸೂಚನೆ, ಆ ದಿನದ ಉಬ್ಬರ ಇಳಿತದ ಹೊತ್ತು, ಈ ಮೂರೂ ನೋಡಿ.

ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿಡಿ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅದು ಮೀನು ಮರಿ ಮಾಡುವ ಕಾಲ ಅಂತ ಇಟ್ಟಿದ್ದು ಹೌದು, ಆದರೆ ಹುಟ್ಟಿದಾಗಿಂದ ನೀರಲ್ಲೇ ಬದುಕಿದವರೂ ಆ ದಿನಗಳಲ್ಲಿ ಕಡಲನ್ನು ನಂಬೋದಿಲ್ಲ.

ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕೊರಳಿಗೆ ಹಾಕಿಕೊಳ್ಳಿ. ಕೋಸ್ಟ್ ಗಾರ್ಡ್‌ನ ರಕ್ಷಣಾ ನಂಬರ್ 1554, ಕರಾವಳಿ ಪೊಲೀಸರದ್ದು 1093, ಉಳಿದಂತೆ 112. ದೋಣಿಯಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 16ರಲ್ಲಿ ಸಹಾಯ ಕೇಳಿ. ಹೊರಡುವಾಗ ದಡದಲ್ಲಿ ಒಬ್ಬರಿಗೆ ಎಷ್ಟು ಜನ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದು ಕೊಡಿ. ಆ ಹೊತ್ತು ದಾಟಿದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಬರೆಯಿರಿ. ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜೋಕೆ ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು ಅಂತ ಎಲ್ಲರಿಗೂ ಹೊರಡುವ ಮುಂಚೆಯೇ ಹೇಳಿ. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣಿಸುತ್ತದೆ.

ಕುಡಿತದ ಬಗ್ಗೆ ಒಂದು ಮಾತು. ಗೋವಾಕ್ಕೆ ಬಂದಮೇಲೆ ಬಿಯರ್ ಇಲ್ಲದೆ ಹೇಗೆ ಅನ್ನುವವರಿದ್ದಾರೆ. ತಾಂಡೇಲನಿಗೆ ಒಂದು ಗುಟುಕೂ ಬೇಡ, ಪ್ರೀತಿಯಿಂದ ಕೊಟ್ಟರೂ ಬೇಡ. ಹತ್ತಿದವರೂ ದಡಕ್ಕೆ ಬಂದ ಮೇಲೆ ಕುಡಿಯಲಿ.

ಕೊನೆಗೆ, ನೀವು ಇನ್ನೂ ದುಡ್ಡು ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ದೋಣಿಯನ್ನು ದಡದಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ನೀರಿಗೆ ಇಳಿಸಿ ಅರ್ಧ ಗಂಟೆ ಓಡಿಸಿ, ಆಮೇಲೆ ಮತ್ತೆ ಮೇಲೆತ್ತಿ ಬಿರಡೆ ತೆಗೆದು ಎಷ್ಟು ನೀರು ಸುರಿಯುತ್ತದೆ ನೋಡಿ. ಇಂಜಿನ್ ಕೂರುವ ಹಿಂದಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿಯಿರಿ, ಗಟ್ಟಿ ಸದ್ದಿನ ಬದಲು ಟೊಳ್ಳು ಸದ್ದು ಬಂದರೆ ಒಳಗಿನ ಮರ ಕೊಳೆತಿರಬಹುದು. ಆ ಹಲಗೆ ಕೊಳೆತ ದೋಣಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ, ಇಂಜಿನ್ ಸಮೇತ ಕಿತ್ತುಕೊಂಡು ಬರುತ್ತದೆ. ನೀರಿಗಿಳಿಸಿ ತೋರಿಸೋಕೆ ಮಾರುವವರು ಒಪ್ಪದಿದ್ದರೆ ಬೇರೆ ದೋಣಿ ನೋಡಿ.