ಪ್ರತಿಕ್ರಿಯೆ: ಹಳೇ ಚಿತ್ರಗಳಲ್ಲಿ ಜೆರುಸಲೇಮ್ ಯಾಕೆ ದುಂಡಗಿದೆ?

ಜೆರುಸಲೇಮನ್ನು ದುಂಡಗೆ ತೋರಿಸುವ ಒಂದು ಹಳೇ ನಕ್ಷೆಯ ಚಿತ್ರದ ಬಗ್ಗೆ ನೀವು ಕೇಳಿದ್ದು ಎರಡು: ಊರು ನಿಜವಾಗಿ ದುಂಡಗಿತ್ತಾ, ಮತ್ತೆ ಚಿತ್ರದ ಕೆಳಭಾಗದಲ್ಲಿರುವ ಕುದುರೆ ಸವಾರರು ಯಾರು.

ಊರು ದುಂಡಗಿರಲಿಲ್ಲ. ಗೋಡೆಯೊಳಗಿನ ಜೆರುಸಲೇಮ್ ಸೊಟ್ಟ ಚೌಕದ ಹಾಗಿತ್ತು. ನೀವು ಹೇಳಿದ ಚಿತ್ರ ಸುಮಾರು 1200ರದ್ದು, ಈಗ ನೆದರ್ಲೆಂಡ್ಸ್‌ನ ಹೇಗ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದನ್ನು ಬರೆದವರಿಗೆ ಅಳತೆಗಿಂತ ಅರ್ಥ ಮುಖ್ಯವಾಗಿತ್ತು. ಜೆರುಸಲೇಮ್ ಅಂದ್ರೆ ಲೋಕದ ನಡುಮಧ್ಯ ಅನ್ನೋ ನಂಬಿಕೆ ಅವರದು, ಅದಕ್ಕೇ ವೃತ್ತ, ಅದರೊಳಗೆ ಶಿಲುಬೆಯ ಹಾಗೆ ಒಂದನ್ನೊಂದು ದಾಟುವ ಬೀದಿಗಳು.

ಚಿತ್ರವನ್ನು ಇನ್ನೊಮ್ಮೆ ನೋಡಿ. ಮೇಲಿರುವುದು ಉತ್ತರ ಅಲ್ಲ, ಪೂರ್ವ. ಎಡಗಡೆ ಕೆಳಗೆ ಯೇಸುವಿನ ಸಮಾಧಿಯ ಚರ್ಚ್ ಇದೆ. ಮೇಲ್ಗಡೆ ದೇವರ ದೇಗುಲ ಅಂತ ಲ್ಯಾಟಿನ್‌ನಲ್ಲಿ ಬರೆದಿರುವ ಕಟ್ಟಡ ಇದೆಯಲ್ಲಾ, ಅದು ಖಲೀಫ ಅಬ್ದ್ ಅಲ್-ಮಲಿಕ್ 7ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಬಂಡೆಯ ಗುಮ್ಮಟ, ಅದನ್ನೇ ಕ್ರುಸೇಡರುಗಳು, ಅಂದ್ರೆ ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರೈಸ್ತ ಯೋಧರು, 1099ರಲ್ಲಿ ಊರು ಗೆದ್ದ ಮೇಲೆ ಚರ್ಚ್ ಮಾಡಿಕೊಂಡರು. ಇಡೀ ಚಿತ್ರದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಸೋತವರ ಕಟ್ಟಡ ಗೆದ್ದವರ ಹೆಸರಲ್ಲಿ ನಿಂತಿದೆ.

ಕೆಳಗಿನ ಸವಾರರಲ್ಲಿ ಒಬ್ಬ ಕ್ರೈಸ್ತರ ಸಂತ ಜಾರ್ಜ್. ಮುಸ್ಲಿಂ ಸೈನಿಕರನ್ನು ಅಟ್ಟಿಸಿಕೊಂಡು ಹೋಗ್ತಿದ್ದಾನೆ. 1098ರ ಅಂತಿಯೋಕ್ ಯುದ್ಧದಲ್ಲಿ ಸಂತರೇ ಕುದುರೆ ಏರಿ ಬಂದು ನೆರವಾದರು ಅಂತ ಕ್ರುಸೇಡರುಗಳು ಹೇಳಿಕೊಳ್ಳುತ್ತಿದ್ದರು. ಇಲ್ಲಿ ಕಾಣುವುದೂ ಅಂಥ ನಂಬಿಕೆಯೇ. ಮುಸ್ಲಿಂ ಸುಲ್ತಾನ ಸಲಾದೀನ್ 1187ರಲ್ಲೇ ಊರನ್ನು ವಾಪಸ್ ಗೆದ್ದಿದ್ದ. ಅಂದ್ರೆ ಈ ಚಿತ್ರ ತಯಾರಾಗುವ ಹೊತ್ತಿಗೆ ಜೆರುಸಲೇಮ್ ಕ್ರುಸೇಡರುಗಳ ಕೈತಪ್ಪಿತ್ತು.