ಕಡಿಮೆ ಬೆಲೆಯ ಪತ್ತೇದಾರಿ ಇ-ಪುಸ್ತಕಗಳು: ಎಲ್ಲಿ, ಯಾವಾಗ, ಯಾವುದು?

ನೀವು ಕೇಳಿರುವುದು ಎರಡು. ಪತ್ತೇದಾರಿ ಮತ್ತು ಥ್ರಿಲ್ಲರ್ ಇ-ಪುಸ್ತಕಗಳು ರಿಯಾಯಿತಿಯಲ್ಲಿ ಎಲ್ಲಿ ಸಿಗುತ್ತವೆ ಎಂಬುದು ಒಂದು. ಹನ್ನೆರಡು ಕಾದಂಬರಿಗಳ ಕಟ್ಟೊಂದು ಒಂದೇ ಪುಸ್ತಕದ ಬೆಲೆಗೆ ಕಾಣಿಸುತ್ತಿದೆ, ಕೊಳ್ಳಬಹುದೇ ಎಂಬುದು ಇನ್ನೊಂದು. ಕಟ್ಟಿನ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲ ಪ್ರಶ್ನೆಗೆ ನಾಲ್ಕು ಅಂಗಡಿಗಳ ಹೆಸರು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೆಲೆ ಏಕೆ ಇಳಿಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಆ ಹೆಸರುಗಳಿಂದ ನಿಮ್ಮ ಇ-ರೀಡರ್ ತುಂಬುತ್ತದೆಯೇ ಹೊರತು ಓದು ಸಾಗುವುದಿಲ್ಲ.

ಇ-ಪುಸ್ತಕಗಳಲ್ಲಿ ಪತ್ತೇದಾರಿ ಕಥೆಗೆ ಸಿಗುವಷ್ಟು ರಿಯಾಯಿತಿ ಕವಿತೆಗೋ ಇತಿಹಾಸಕ್ಕೋ ಸಿಗುವುದಿಲ್ಲ. ಕಾರಣ ಸರಣಿ. ಒಬ್ಬ ಪತ್ತೇದಾರ ಹಿಡಿಸಿದರೆ ಓದುಗ ಅವನ ಹಿಂದೆ ಹತ್ತು ಪುಸ್ತಕ ಹೋಗುತ್ತಾನೆ. ಹಾಗಾಗಿ ಮೊದಲನೆಯದನ್ನು ಬಿಟ್ಟಿಗೆ ಹತ್ತಿರದ ಬೆಲೆಗೆ ಕೊಟ್ಟು, ಎರಡನೆಯದರಿಂದ ಪೂರ್ಣ ಬೆಲೆ ವಸೂಲು ಮಾಡುವುದು ಈ ವ್ಯಾಪಾರದ ಹಳೆಯ ಲೆಕ್ಕ. ಸರಣಿಯ ಹೊಸ ಕಂತು ಬಿಡುಗಡೆಯಾಗುವ ಹೊತ್ತಿಗೆ ಮೊದಲ ಪುಸ್ತಕದ ಬೆಲೆ ಥಟ್ಟನೆ ಇಳಿಯುವುದೂ ಇದಕ್ಕೇ. ನಿಮ್ಮ ಮೆಚ್ಚಿನ ಲೇಖಕರ ಹೊಸ ಪುಸ್ತಕ ಯಾವಾಗ ಬರುತ್ತದೆ ಎಂದು ತಿಳಿದುಕೊಂಡರೆ ಹಳೆಯವು ಯಾವಾಗ ಅಗ್ಗವಾಗುತ್ತವೆ ಎಂಬುದನ್ನೂ ಬಹುಮಟ್ಟಿಗೆ ಊಹಿಸಬಹುದು.

ತಾವೇ ಪ್ರಕಟಿಸಿಕೊಳ್ಳುವ ಲೇಖಕರ ಲೆಕ್ಕ ಸ್ವಲ್ಪ ಬೇರೆ. ಅಮೆಜಾನ್‌ನಲ್ಲಿ 2.99ರಿಂದ 9.99 ಡಾಲರ್ ನಡುವೆ ಬೆಲೆಯಿಟ್ಟರೆ ಅವರಿಗೆ ಶೇ. 70ರಷ್ಟು ರಾಯಧನ ಸಿಗಬಹುದು. ಅದಕ್ಕಿಂತ ಇಳಿಸಿದರೆ ಸಾಮಾನ್ಯವಾಗಿ ಶೇ. 35 ಮಾತ್ರ. ಆದ್ದರಿಂದ ಸದಾಕಾಲ ಅಗ್ಗವಾಗಿ ಮಾರುವುದು ಅವರಿಗೆ ಕಟ್ಟುವುದಿಲ್ಲ. ಅಮೆಜಾನ್‌ಗೆ ಮಾತ್ರ ಮೀಸಲಾಗಿ ಪುಸ್ತಕ ಕೊಡುವ ಯೋಜನೆಯೊಂದಿದೆ. ಅದಕ್ಕೆ ಸೇರಿದವರು ಪ್ರತಿ 90 ದಿನಗಳಲ್ಲಿ ಐದು ದಿನ ಪುಸ್ತಕವನ್ನು ಉಚಿತವಾಗಿ ಹಂಚಬಹುದು. ನಿನ್ನೆ ಉಚಿತವಾಗಿದ್ದದ್ದು ಇಂದು ಮಾಯವಾಗುವುದಕ್ಕೂ, ಕೆಲವು ಥ್ರಿಲ್ಲರ್‌ಗಳ ಇ-ಪ್ರತಿ ಕೋಬೊ ಎಂಬ ಇನ್ನೊಂದು ಇ-ಪುಸ್ತಕದಂಗಡಿಯಲ್ಲಿ ಎಷ್ಟು ಹುಡುಕಿದರೂ ಸಿಗದಿರುವುದಕ್ಕೂ ಇದೇ ಕಾರಣ.

ದೊಡ್ಡ ಪ್ರಕಾಶಕರ ಪುಸ್ತಕಗಳಿಗೆ ಬಹುಮಟ್ಟಿಗೆ ಪ್ರಕಾಶಕರೇ ಬೆಲೆ ಕಟ್ಟುತ್ತಾರೆ, ಅಂಗಡಿಯಲ್ಲ. ಈ ಪದ್ಧತಿಯನ್ನು 2010ರಲ್ಲಿ ಜಾರಿಗೆ ತಂದ ಬಗೆಯನ್ನು ಪ್ರಶ್ನಿಸಿ ಅಮೆರಿಕ ಸರ್ಕಾರ 2012ರಲ್ಲಿ ಆಪಲ್ ಮತ್ತು ಐದು ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿತ್ತು. ಪ್ರಕಾಶಕರು ರಾಜಿಯಾದರು, ಆಪಲ್ ಸೋತಿತು, ಪದ್ಧತಿ ಮಾತ್ರ ಸ್ವಲ್ಪ ವೇಷ ಬದಲಿಸಿಕೊಂಡು ಉಳಿಯಿತು. ಓದುಗರಿಗೆ ಇದರಿಂದ ಆಗುವ ಉಪಯೋಗವೆಂದರೆ, ಇಂಥ ಪುಸ್ತಕದ ಬೆಲೆ ಒಂದು ಅಂಗಡಿಯಲ್ಲಿ ಇಳಿದಿದ್ದರೆ ಕೋಬೊ, ಗೂಗಲ್ ಪ್ಲೇ, ಆಪಲ್ ಬುಕ್ಸ್‌ಗಳಲ್ಲೂ ಸಾಮಾನ್ಯವಾಗಿ ಇಳಿದಿರುತ್ತದೆ. ನಿಮ್ಮ ಸಾಧನಕ್ಕೆ ಒಗ್ಗುವ ಕಡೆ ಕೊಳ್ಳಬಹುದು. ಆದರೆ ಮಾರಾಟದ ಹಕ್ಕು ದೇಶದಿಂದ ದೇಶಕ್ಕೆ ಬೇರೆ ಬೇರೆ ಪ್ರಕಾಶಕರ ಕೈಯಲ್ಲಿರುತ್ತದೆ. ಒಂದು ದೇಶದ ಓದುಗರು ಹಿಗ್ಗಿನಿಂದ ಹೇಳುವ ರಿಯಾಯಿತಿ ಇನ್ನೊಂದು ದೇಶದವರಿಗೆ ಕಾಣಿಸದಿದ್ದರೆ ಯಾರೂ ಮೋಸ ಮಾಡಿದ್ದಾರೆಂದಲ್ಲ.

ಇನ್ನು ಎಲ್ಲಿ ಎಂಬ ಪ್ರಶ್ನೆ. ಅಮೆಜಾನ್‌ನ ಕಿಂಡಲ್ ಅಂಗಡಿಯಲ್ಲಿ ದಿನದ ಮತ್ತು ತಿಂಗಳ ರಿಯಾಯಿತಿಗಳಿವೆ, ಕೋಬೊದಲ್ಲೂ ಅಂಥವೇ ಇವೆ. 2012ರಲ್ಲಿ ಶುರುವಾದ ಬುಕ್‌ಬಬ್ ನೀವು ಆರಿಸಿಕೊಂಡ ಪ್ರಕಾರದ ಅಗ್ಗದ ಪುಸ್ತಕಗಳ ಪಟ್ಟಿಯನ್ನು ಇಮೇಲ್‌ನಲ್ಲಿ ಕಳುಹಿಸುತ್ತದೆ. ಆ ಪಟ್ಟಿಯ ಮುಖ್ಯ ಜಾಗಗಳಿಗೆ ಲೇಖಕರೋ ಪ್ರಕಾಶಕರೋ ಹಣ ಕೊಟ್ಟಿರುತ್ತಾರೆ; ಅದು ವಿಮರ್ಶಕರ ಆಯ್ಕೆಯಲ್ಲ, ಜಾಹೀರಾತು. ಹಾಗೆಂದು ಕೆಟ್ಟದ್ದೂ ಅಲ್ಲ, ಏಕೆಂದರೆ ಬೆಲೆಯನ್ನು ಕನಿಷ್ಠ ಅರ್ಧದಷ್ಟು ಇಳಿಸಿರಬೇಕು ಎಂಬ ನಿಯಮ ಅಲ್ಲಿದೆ. ನಾನು ಅಲ್ಲಿ ಪಟ್ಟಿ ನೋಡುವುದಕ್ಕಿಂತ ನನಗೆ ಬೇಕಾದ ಲೇಖಕರನ್ನು ಅನುಸರಿಸುತ್ತೇನೆ. ಅವರ ಪುಸ್ತಕದ ಬೆಲೆ ಇಳಿದಾಗ ಮಾತ್ರ ಸುದ್ದಿ ಬರುತ್ತದೆ, ಉಳಿದ ಗದ್ದಲ ತಪ್ಪುತ್ತದೆ.

ನಿಮಗೂ ಹೇಳುವುದು ಅದನ್ನೇ. ಓದಬೇಕೆಂದಿರುವ ಇಪ್ಪತ್ತು ಮೂವತ್ತು ಪುಸ್ತಕಗಳನ್ನು ಮೊದಲು ಗುರುತು ಮಾಡಿಟ್ಟುಕೊಳ್ಳಿ, ಆಮೇಲೆ ಬೆಲೆ ಇಳಿಯುವುದನ್ನು ಕಾಯಿರಿ. ರಿಯಾಯಿತಿ ಪುಟ ತೆರೆದು ಅಲ್ಲಿಂದ ಪುಸ್ತಕ ಆರಿಸುವವನು ಮಾರುವವನ ಲೆಕ್ಕಕ್ಕೆ ಸಿಕ್ಕಿಬಿದ್ದ ಹಾಗೆ. ಆ ಪುಟದಲ್ಲಿ ಗೀಟು ಹಾಕಿರುವ ಹಳೆಯ ಬೆಲೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಎಷ್ಟೋ ಸಲ ಅದು ಇ-ಪುಸ್ತಕದ ಬೆಲೆಯಲ್ಲ, ಮುದ್ರಿತ ಪ್ರತಿಯದು. ಹಾಗಿದ್ದಾಗ ಶೇ. 80 ಉಳಿತಾಯ ಎಂಬ ದಪ್ಪ ಅಕ್ಷರಗಳಿಗೆ ಅರ್ಥವೇ ಇಲ್ಲ.

ಗೊತ್ತಿಲ್ಲದ ಲೇಖಕರ ಪುಸ್ತಕ ಎದುರಾದಾಗ ಬೆಲೆಗಿಂತ ಮೊದಲು ಮಾದರಿ ಅಧ್ಯಾಯಗಳನ್ನು ಇಳಿಸಿಕೊಂಡು ಓದಿ. ಶೀರ್ಷಿಕೆಯ ಪಕ್ಕದಲ್ಲೇ 'ಉಸಿರು ಬಿಗಿಹಿಡಿಸುವ, ಊಹಿಸಲಾಗದ ತಿರುವಿನ ಥ್ರಿಲ್ಲರ್' ಎಂದು ಬರೆದಿರುವುದನ್ನು ನಂಬಬೇಡಿ. ಹುಡುಕಾಟದಲ್ಲಿ ಸಿಗಲೆಂದು ತುರುಕಿದ ಮಾತುಗಳವು. ಬಹಳಷ್ಟು ಥ್ರಿಲ್ಲರ್‌ಗಳು ಒಂದೇ ಅಚ್ಚಿನಲ್ಲಿ ಶುರುವಾಗುತ್ತವೆ: ಓರೆ ಅಕ್ಷರಗಳಲ್ಲಿ ಹೆಸರಿಲ್ಲದ ಕೊಲೆಗಾರನ ಗೊಣಗಾಟ, ಅದಾದ ಮೇಲೆ ನಿದ್ದೆಗೆಟ್ಟ ಇನ್‌ಸ್ಪೆಕ್ಟರ್, ಅವನ ಫೋನು, ಆಚೆ ಕಡೆಯಿಂದ 'ಇನ್ನೊಂದು ಶವ ಸಿಕ್ಕಿದೆ' ಎಂಬ ದನಿ. ಇಷ್ಟಕ್ಕೇ ಪುಸ್ತಕವನ್ನು ಬದಿಗಿಡಬೇಕಿಲ್ಲ. ನಾನು ನೋಡುವುದು ಶವ ಸಿಕ್ಕ ಕೋಣೆಯನ್ನು. ಬಾಗಿಲು ಯಾವ ಕಡೆಗಿದೆ, ದೀಪ ಉರಿಯುತ್ತಿತ್ತೇ, ಮೇಜಿನ ಮೇಲೆ ಏನಿತ್ತು, ಯಾರು ಮೊದಲು ಒಳಗೆ ಬಂದರು ಎಂಬುದನ್ನು ಲೇಖಕರು ಹೇಳುತ್ತಾರೆಯೇ, ಅಥವಾ ರಕ್ತದ ಬಣ್ಣವನ್ನು ಎರಡು ಪುಟ ಬಣ್ಣಿಸಿ ಮುಂದೆ ಹೋಗುತ್ತಾರೆಯೇ? ವಸ್ತುಗಳನ್ನು ಇದ್ದ ಜಾಗದಲ್ಲಿ ಇಡಲು ಬಾರದವರು ಸುಳಿವನ್ನೂ ನ್ಯಾಯವಾಗಿ ಇಡಲಾರರು. ಕೊನೆಯ ಅಧ್ಯಾಯದಲ್ಲಿ ಅದುವರೆಗೆ ಕಾಣದ ತಮ್ಮನೊಬ್ಬ ಪ್ರತ್ಯಕ್ಷನಾಗುವ ಕಾದಂಬರಿಗಳು ಇಂಥವೇ.

ಓದುಗರ ಅಭಿಪ್ರಾಯಗಳಲ್ಲಿ ಮೂರು ನಕ್ಷತ್ರ ಕೊಟ್ಟವನ್ನು ಓದಿ. ಐದು ಕೊಟ್ಟವರಲ್ಲಿ ಬಿಡುಗಡೆಗೆ ಮುನ್ನವೇ ಉಚಿತ ಪ್ರತಿ ಪಡೆದವರು ಇರುತ್ತಾರೆ. ಒಂದು ಕೊಟ್ಟವರು ಸಿಟ್ಟಿನ ಭರದಲ್ಲಿ ಕೊಲೆಗಾರನ ಹೆಸರನ್ನೇ ಬರೆದುಬಿಡುವುದುಂಟು. ಮೂರು ಕೊಟ್ಟವರು ಸಮಾಧಾನದಲ್ಲಿ ಇರುವವರು. ಕಥೆ ನಡುವೆ ಎಲ್ಲಿ ಜಗ್ಗಿತು, ಮೊದಲ ಪುಸ್ತಕ ತನ್ನಷ್ಟಕ್ಕೆ ಮುಗಿಯುತ್ತದೆಯೋ ಅಥವಾ ಎರಡನೆಯದನ್ನು ಕೊಳ್ಳಲೇಬೇಕೆಂದು ಅರ್ಧಕ್ಕೆ ನಿಲ್ಲುತ್ತದೆಯೋ ಎಂಬುದನ್ನು ಹೇಳುತ್ತಾರೆ. ಈ ಕೊನೆಯ ಮಾಹಿತಿ ಬಹಳ ಮುಖ್ಯ. ಮೊದಲನೆಯದು ಅಗ್ಗವೆಂದು ಹಿಗ್ಗುವ ಮೊದಲು ಉಳಿದ ಕಂತುಗಳ ಬೆಲೆಯನ್ನೂ ಕೂಡಿಸಿ ನೋಡಿ.

ಸರಣಿಯ ಕ್ರಮಸಂಖ್ಯೆಯಲ್ಲಿ ಇನ್ನೊಂದು ತೊಡಕಿದೆ. ಅನುವಾದಗಳು ಮೂಲದ ಕ್ರಮದಲ್ಲೇ ಬರುವುದಿಲ್ಲ. ನಾರ್ವೆಯ ಯೋ ನೆಸ್ಬೊ ಅವರ ಹ್ಯಾರಿ ಹೋಲ್ ಸರಣಿಯಲ್ಲಿ ಇಂಗ್ಲಿಷಿಗೆ ಮೊದಲು ಬಂದದ್ದು ಐದನೆಯ ಕಾದಂಬರಿ, 2005ರಲ್ಲಿ. ಮೊದಲನೆಯದು ಬಂದದ್ದು 2012ರಲ್ಲಿ. ಪ್ರಕಟಣೆಯ ವರ್ಷ ನೋಡಿ ಕೊಂಡರೆ ಯಾರು ಸತ್ತರು, ಯಾರು ಉಳಿದರು ಎಂಬುದು ಮೊದಲೇ ಗೊತ್ತಾಗಿಬಿಡುತ್ತದೆ. ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಿಗಂತೂ ಬ್ರಿಟನ್ನಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. ಅಗಾಥಾ ಕ್ರಿಸ್ಟಿಯವರ 'ಡೆತ್ ಇನ್ ದ ಕ್ಲೌಡ್ಸ್' ಮತ್ತು 'ಡೆತ್ ಇನ್ ದ ಏರ್' ಒಂದೇ ಪುಸ್ತಕ. ರಿಯಾಯಿತಿಯ ಅವಸರದಲ್ಲಿ ಎರಡನ್ನೂ ಕೊಂಡರೆ ಉಳಿತಾಯವೆಲ್ಲ ಅಲ್ಲಿಗೆ ಸರಿಹೋಗುತ್ತದೆ.

ಹಣವನ್ನೇ ಕೊಡದೆ ಓದುವ ದಾರಿಗಳಿವೆ. ನಿಮ್ಮ ಗ್ರಂಥಾಲಯ ಇ-ಪುಸ್ತಕಗಳನ್ನು ಎರವಲು ಕೊಡುವ ಲಿಬ್ಬಿ ಸೇವೆಗೆ ಸೇರಿದ್ದರೆ ಸದಸ್ಯತ್ವದ ಕಾರ್ಡ್ ಸಾಕು; ಹೊಸ ಥ್ರಿಲ್ಲರ್‌ಗಳಿಗೆ ಸರದಿ ಉದ್ದವಿರುತ್ತದೆ, ಹಳೆಯವು ಬೇಗ ಸಿಗುತ್ತವೆ. ಕೃತಿಸ್ವಾಮ್ಯ ಮುಗಿದವು 1971ರಲ್ಲಿ ಆರಂಭವಾದ ಡಿಜಿಟಲ್ ಗ್ರಂಥಭಂಡಾರ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿವೆ. ಅವುಗಳಲ್ಲಿ ಹಲವನ್ನು ಅಚ್ಚುಕಟ್ಟಾಗಿ ತಿದ್ದಿ ಕೊಡುವ ಸ್ಟ್ಯಾಂಡರ್ಡ್ ಇಬುಕ್ಸ್ ನನಗೆ ಇನ್ನೂ ಇಷ್ಟ. ಷರ್ಲಾಕ್ ಹೋಮ್ಸ್‌ನ ಕೊನೆಯ ಕಥೆಗಳೂ 2023ರ ಜನವರಿ 1ರಂದು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದವು. ಕೃತಿಸ್ವಾಮ್ಯದ ಅವಧಿ ದೇಶಕ್ಕೊಂದು ರೀತಿ, ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಇದೇ ಕಥೆಗಳನ್ನು 'ಸಂಪೂರ್ಣ ಸಂಗ್ರಹ, ಭಾರೀ ರಿಯಾಯಿತಿ' ಎಂದು ಮಾರುವವರೂ ಇದ್ದಾರೆ. ವಿಷಯಸೂಚಿಯೂ ಇಲ್ಲದ, ಅಕ್ಷರದೋಷಗಳ ಆ ಕಡತಗಳಿಗೆ ಬಿಡಿಗಾಸು ಕೊಡುವುದೂ ದಂಡ.

ಚಂದಾ ಯೋಜನೆಗಳ ಬಗ್ಗೆ ಒಂದು ಮಾತು ಸಾಕು: ತಿಂಗಳಿಗೆ ಮೂರು ನಾಲ್ಕು ಪುಸ್ತಕ ಓದುವವರಿಗೆ ಲಾಭ, ಒಂದು ಓದುವವರಿಗೆ ನಷ್ಟ. ಚಂದಾ ನಿಲ್ಲಿಸಿದ ದಿನ ಪುಸ್ತಕಗಳೂ ಹೋಗುತ್ತವೆ.

ಕೊಂಡದ್ದಾದರೂ ನಿಮ್ಮದೇ ಎಂದು ಎದೆ ತಟ್ಟಿ ಹೇಳುವಂತಿಲ್ಲ. ಬಹುಪಾಲು ಅಂಗಡಿಗಳು ಮಾರುವುದು ಓದುವ ಪರವಾನಗಿಯನ್ನು. 2009ರಲ್ಲಿ ಅಮೆಜಾನ್, ಮಾರುವ ಹಕ್ಕಿಲ್ಲದವರು ಹಾಕಿದ್ದ ಜಾರ್ಜ್ ಆರ್ವೆಲ್ ಕೃತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದಲೇ ಅಳಿಸಿತು, ಆಮೇಲೆ ಕ್ಷಮೆ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ ಹಣ ಮರಳಿ ಬಂತು, ಪುಸ್ತಕಗಳು ಉಳಿಯಲಿಲ್ಲ. ಒಮ್ಮೆ ಓದಿ ಮುಗಿಸುವ ಥ್ರಿಲ್ಲರ್‌ಗೆ ಇದರಿಂದ ದೊಡ್ಡ ನಷ್ಟವೇನಿಲ್ಲ, ಹಾಗಾಗಿಯೇ ಇವನ್ನು ಇ-ರೂಪದಲ್ಲಿ ಅಗ್ಗಕ್ಕೆ ಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಮತ್ತೆ ಮತ್ತೆ ಓದುವಂಥದ್ದನ್ನು ಕಾಗದದಲ್ಲಿ ಕೊಳ್ಳುತ್ತೇನೆ.

ಈಗ ನಿಮ್ಮ ಹನ್ನೆರಡರ ಕಟ್ಟು. ಹನ್ನೆರಡೂ ಒಬ್ಬರೇ ಬರೆದವೋ, ಹನ್ನೆರಡು ಜನರವೋ ನೋಡಿ. ಬೇರೆ ಬೇರೆಯವರದಾದರೆ ಪ್ರತಿಯೊಂದೂ ಬೇರೊಂದು ಸರಣಿಯ ಮೊದಲ ಪುಸ್ತಕವಾಗಿರುವ ಸಂಭವ ಹೆಚ್ಚು. ಅಂದರೆ ಒಂದೇ ಕಟ್ಟಿನಲ್ಲಿ ಹನ್ನೆರಡು ಗಾಳ. ಒಬ್ಬರದೇ ಆಗಿದ್ದರೆ ಕೊಳ್ಳಬಹುದು, ಆದರೆ ಇಂದೇ ಅಲ್ಲ. ಕಿಂಡಲ್‌ನಲ್ಲಿ ಮಾದರಿ ಭಾಗ ಸಾಮಾನ್ಯವಾಗಿ ಇಡೀ ಕಡತದ ಶೇ. 10ರಷ್ಟಿರುತ್ತದೆ. ಹನ್ನೆರಡು ಕಾದಂಬರಿಗಳ ಕಡತದಲ್ಲಿ ಹತ್ತರಲ್ಲೊಂದು ಪಾಲು ಎಂದರೆ ಹೆಚ್ಚುಕಡಿಮೆ ಮೊದಲ ಕಾದಂಬರಿ ಪೂರ್ತಿ. ಆ ಮಾದರಿಯನ್ನು ಇಳಿಸಿಕೊಂಡು ಓದಿ. ಮೊದಲ ಕೊಲೆಗಾರ ಸಿಕ್ಕಿಬಿದ್ದ ಮೇಲೂ ಎರಡನೆಯ ಪ್ರಕರಣ ಬೇಕೆನಿಸಿದರೆ ಹಣ ಕೊಡಿ.